ಹಾಸಿಗೆ ಒದ್ದೆಯಾಯಿತು, ಯಾರೂ ಮಾಡಲಿಲ್ಲ

ಹೋದ ತಿಂಗಳು ನಮ್ಮ ವಿಭಾಗದ ಗೆಳೆಯರೆಲ್ಲ ಸೇರಿ ಒಂದು ಸಂಜೆ ಪ್ರಬಂಧ ಓದುವ ಕೂಟ ಇಟ್ಟುಕೊಂಡಿದ್ದೆವು. ದೊಡ್ಡದೇನಲ್ಲ. ಹದಿನೈದು ಜನ, ಎರಡು ಸುತ್ತು ಟೀ, ನಡುವೆ ಖಾರಾ ಮಂಡಕ್ಕಿ. ಒಬ್ಬ ಗೆಳೆಯ ತನ್ನ ಬೇಸಿಗೆ ರಜೆಗಳ ಬಗ್ಗೆ ಬರೆದದ್ದನ್ನು ಓದಿದ. ಅಜ್ಜಿ ಮನೆ, ಹಲಸಿನ ಹಣ್ಣು, ಪಡಸಾಲೆಯಲ್ಲಿ ಸಾಲಾಗಿ ಹಾಸಿದ ಚಾಪೆಗಳು, ಅವುಗಳ ಮೇಲೆ ಮಲಗಿದ ಹತ್ತು ಮೊಮ್ಮಕ್ಕಳು. ಅವರಲ್ಲೊಬ್ಬ ರಾತ್ರಿ ಹಾಸಿಗೆ ಒದ್ದೆ ಮಾಡುವ ಹುಡುಗ. ಉಳಿದವರು ಅವನಿಗೆ 'ಜೋಗ' ಎಂದು ಹೆಸರಿಟ್ಟಿದ್ದರಂತೆ. ಬೆಳಿಗ್ಗೆ ಎದ್ದ ಕೂಡಲೇ 'ಇವತ್ತು ಜೋಗದಲ್ಲಿ ನೀರು ಹೆಂಗಿದೆ?' ಎಂದು ಕೇಳುವುದು, ಹಾಸಿಗೆ ತೀರಾ ಒದ್ದೆಯಾದ ದಿನ 'ಲಿಂಗನಮಕ್ಕಿ ಗೇಟು ತೆಗೆದವ್ರೆ' ಎನ್ನುವುದು. ಗೆಳೆಯ ಚೆನ್ನಾಗಿ ಓದುತ್ತಾನೆ. ಎಲ್ಲಿ ನಿಲ್ಲಿಸಿದರೆ ನಗು ಬರುತ್ತದೆಂದು ಅವನಿಗೆ ಗೊತ್ತು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಕ್ಕಿದ್ದೇ ಆಮೇಲೆ ಕಾಡಿದ್ದು. ಯಾಕೆಂದರೆ ನಾನು ಹನ್ನೆರಡು ತುಂಬುವವರೆಗೆ ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಳ್ಳುತ್ತಿದ್ದವಳು. ಈ ವಾಕ್ಯವನ್ನು ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಪಿಎಚ್‌.ಡಿ.ಗೆ ಇನ್ನೂರು ಪುಟ ಬರೆಯುವಾಗ ನಡುಗದ ಕೈ ಇದೊಂದು ಸಾಲಿಗೆ ನಡುಗಿತು. ಆ ನಡುಕ ಎಲ್ಲಿಂದ ಬಂತು ಎನ್ನುವುದೇ ಈ ಬರಹದ ತಕರಾರು.

ನಾನು ಆರನೇ ತರಗತಿಗೆ ಹಾಸ್ಟೆಲ್ ಸೇರಿದೆ. ಒಂದು ಹಾಲ್, ಇಪ್ಪತ್ತೆರಡು ಮಂಚ, ಮಂಚಕ್ಕೊಂದು ತೆಳುವಾದ ಹಾಸಿಗೆ. ಶೌಚಾಲಯ ಕಟ್ಟಡದ ಹಿಂದೆ, ಲೈಟಿಲ್ಲದ ಕಾರಿಡಾರ್ ದಾಟಿ ಹೋಗಬೇಕು. ಮೊದಲನೇ ವಾರದಲ್ಲೇ ಹಾಸಿಗೆ ಒದ್ದೆಯಾಯಿತು. ವಾರ್ಡನ್ ಬೈಯಲಿಲ್ಲ, ಹೊಡೆಯಲೂ ಇಲ್ಲ. 'ಒಣಗಿಸಮ್ಮ' ಎಂದರು, ಅಷ್ಟೆ. ಆದರೆ ಒಣಗಿಸುವ ಜಾಗ ಪ್ರಾರ್ಥನೆಗೆ ನಿಲ್ಲುವ ಅಂಗಳದ ಎದುರಿನ ಕಟ್ಟೆ. ಇಡೀ ಶಾಲೆ ನಾಡಗೀತೆ ಹಾಡುವಾಗ ಎದುರಿಗೆ ನನ್ನ ಹಾಸಿಗೆ ಬಿಸಿಲು ಕಾಯುತ್ತಿತ್ತು. ಅದರ ಮೇಲಿನ ಕಲೆ ಯಾವ ಜಿಲ್ಲೆಯ ನಕ್ಷೆಯ ಹಾಗಿದೆ ಎಂದು ಹುಡುಗಿಯರು ದಿನಾ ತೀರ್ಮಾನ ಮಾಡುತ್ತಿದ್ದರು. ಒಮ್ಮೆ ಬೀದರ್, ಒಮ್ಮೆ ಚಾಮರಾಜನಗರ. ಭೂಗೋಳದ ಕ್ಲಾಸಿನಲ್ಲಿ ಮೇಷ್ಟ್ರು ನಕ್ಷೆ ಬಿಡಿಸಿದಾಗಲೆಲ್ಲ ಹಿಂದಿನ ಬೆಂಚಿನಿಂದ ಕಿಸಿಕಿಸಿ.

ಹನ್ನೊಂದು ವರ್ಷದ ಹುಡುಗಿ ಆಗ ಏನು ಮಾಡಿದಳು? ಮಧ್ಯಾಹ್ನ ಊಟದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಳು. ರಾತ್ರಿ ನಿದ್ದೆ ಬಾರದಿರಲೆಂದು ತೊಡೆ ಚಿವುಟಿಕೊಳ್ಳುತ್ತಾ ಮಲಗಿದಳು. ಬೆಳಗಿನ ಜಾವ ಮೂರಕ್ಕೆ ನಿದ್ದೆ ಹತ್ತುತ್ತಿತ್ತು. ನಾಲ್ಕಕ್ಕೆ ಹಾಸಿಗೆ ಒದ್ದೆ. ಗೆಳತಿಯರ ಮನೆಗೆ, ಮದುವೆಗಳಿಗೆ, ಶಾಲೆಯ ಪ್ರವಾಸಕ್ಕೆ ಹೋಗಲಿಲ್ಲ. ಹಳೇಬೀಡು-ಬೇಲೂರಿಗೆ ಎರಡು ದಿನದ ಪ್ರವಾಸ ಹೊರಟಾಗ ಹೊಟ್ಟೆನೋವೆಂದು ಸುಳ್ಳು ಹೇಳಿ ಉಳಿದುಬಿಟ್ಟೆ. ಬೇಲೂರನ್ನು ನಾನು ನೋಡಿದ್ದು ಎಂ.ಎ. ಓದುವಾಗ.

ಊರಿನಲ್ಲಿ ಇನ್ನೊಂದು ಬಗೆ. ಅಪ್ಪನ ಅಮ್ಮ, ಅಂದರೆ ನಮ್ಮಜ್ಜಿ, 'ಬೆಂಕಿ ಜೊತೆ ಆಡಬ್ಯಾಡ, ರಾತ್ರಿ ಹಾಸಿಗೇಲಿ ಹೊಯ್ಕೋತೀಯ' ಎಂದು ಒಲೆ ಹತ್ತಿರ ಕೂರಲೂ ಬಿಡುತ್ತಿರಲಿಲ್ಲ. ತಾಯತ ಬಂತು, ಹರಕೆ ಬಂತು, ಎಳ್ಳುಬೆಲ್ಲದ ಉಂಡೆ ಬಂತು. ಉಂಡೆಯ ಬಗ್ಗೆ ನನಗೆ ದೂರಿಲ್ಲ. ಒಂದು ದಿನ ಅಜ್ಜಿ ಸೌಟಿನ ಹಿಡಿಯನ್ನು ಒಲೆಯಲ್ಲಿ ಕಾಯಿಸಿ ನನ್ನ ಕಾಲಿನ ಹತ್ತಿರ ತಂದಳು. ತಾಕಿಸಲಿಲ್ಲ. ಅದರ ಕಾವು ಮಾತ್ರ ಇವತ್ತಿಗೂ ನೆನಪಿದೆ. ಅಪ್ಪ ಬಾಗಿಲಲ್ಲಿ ನಿಂತು 'ಇನ್ನೊಂದಿನ ಮಾಡ್ಕೊಂಡ್ರೆ ಇಟ್ಟೇ ಬಿಡು' ಎಂದ. ಅಮ್ಮ ಏನೂ ಹೇಳಲಿಲ್ಲ. ಹೇಳುವ ಹಾಗಿರಲಿಲ್ಲ, ಏಕೆಂದರೆ ತಪ್ಪಿತಸ್ಥೆ ಅವಳೇ: ಮಗಳಿಗೆ ಸರಿಯಾಗಿ ಅಭ್ಯಾಸ ಮಾಡಿಸದವಳು. 'ನಾಳೆ ಕೊಟ್ಟ ಮನೇಲೂ ಹಿಂಗೇ ಆದ್ರೆ?' ಎಂದು ಅವಳನ್ನು ಕೇಳುತ್ತಿದ್ದರು. ನನಗಾಗ ಒಂಬತ್ತು ವರ್ಷ. ಅಮ್ಮ ರಾತ್ರಿ ಎರಡಕ್ಕೆ ಎದ್ದು, ದೀಪ ಹಾಕದೆ, ಸದ್ದಿಲ್ಲದೆ ಕೌದಿ ಬದಲಿಸಿ, ಬೆಳಕು ಹರಿಯುವ ಮೊದಲೇ ಒಗೆದು ಹಾಕುತ್ತಿದ್ದಳು. ಆ ಮನೆಯಲ್ಲಿ ನನಗೆ ಸಿಕ್ಕಿದ ಚಿಕಿತ್ಸೆ ಎಂದರೆ ಅದೊಂದೇ.

ಈಗ ವಿಷಯಕ್ಕೆ ಬರೋಣ. ಇದು ಏನು?

5 ವರ್ಷದವರೆಗೆ ಮಗು ರಾತ್ರಿ ಹಾಸಿಗೆ ಒದ್ದೆ ಮಾಡಿದರೆ ವೈದ್ಯಶಾಸ್ತ್ರ ಅದನ್ನು ತೊಂದರೆ ಎಂದೇ ಎಣಿಸುವುದಿಲ್ಲ. 5ನೇ ವಯಸ್ಸಿನಲ್ಲಿ ನೂರಕ್ಕೆ ಸುಮಾರು 15 ಮಕ್ಕಳಿಗೆ ಹೀಗಾಗುತ್ತದೆ. 7ನೇ ವಯಸ್ಸಿಗೆ ನೂರಕ್ಕೆ 5ರಿಂದ 10. ಗಂಡುಮಕ್ಕಳಲ್ಲಿ ಹೆಚ್ಚು, ಆದರೆ ಹೆಣ್ಣುಮಕ್ಕಳಲ್ಲಿ ಇಲ್ಲವೆಂದಲ್ಲ. ಎರಡನೇ ತರಗತಿಯ ನಲವತ್ತು ಮಕ್ಕಳ ಕೋಣೆಯಲ್ಲಿ ಇಬ್ಬರಿಂದ ನಾಲ್ವರು ಈ ಗುಟ್ಟನ್ನು ಹೊತ್ತು ಕೂತಿರುತ್ತಾರೆ, ಒಬ್ಬರಿಗೆ ಇನ್ನೊಬ್ಬರ ವಿಷಯ ಗೊತ್ತಿಲ್ಲದೆ.

ಕಾರಣ ಮೂರು ಕಡೆ ಇದೆ. ರಾತ್ರಿ ಹೊತ್ತು ಮೂತ್ರ ಕಡಿಮೆ ಮಾಡುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಕೆಲವು ಮಕ್ಕಳಲ್ಲಿ ನಿದ್ದೆಯ ವೇಳೆ ಸಾಕಷ್ಟು ಏರುವುದಿಲ್ಲ. ಕೆಲವರ ಮೂತ್ರಕೋಶ ರಾತ್ರಿಯಿಡೀ ಹಿಡಿದಿಡುವಷ್ಟು ಇನ್ನೂ ಪಳಗಿರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮೂತ್ರಕೋಶ ತುಂಬಿದೆ ಎಂಬ ಸುದ್ದಿ ಮಿದುಳಿಗೆ ಹೋದರೂ ಮಗು ಎಚ್ಚರಗೊಳ್ಳುವುದಿಲ್ಲ. ಮಲಬದ್ಧತೆ ಇದ್ದರೆ ತೊಂದರೆ ಹೆಚ್ಚುತ್ತದೆ. ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ. ಈ ಮೂರರಲ್ಲಿ ಸೋಮಾರಿತನ ಎಲ್ಲಿದೆ? ಹಟ ಎಲ್ಲಿದೆ?

ಇನ್ನೊಂದು ಸಂಗತಿ ಇದೆ. ನನ್ನ ಮಟ್ಟಿಗೆ ಅದೇ ದೊಡ್ಡದು. ಇದು ರಕ್ತದಲ್ಲಿ ಬರುತ್ತದೆ. ಅಪ್ಪ ಅಮ್ಮ ಇಬ್ಬರಿಗೂ ಬಾಲ್ಯದಲ್ಲಿ ಹೀಗಾಗುತ್ತಿದ್ದರೆ ಮಗುವಿಗೆ ಆಗುವ ಸಂಭವ ನೂರಕ್ಕೆ 77ರಷ್ಟು, ಒಬ್ಬರಿಗೆ ಆಗುತ್ತಿದ್ದರೆ 44, ಯಾರಿಗೂ ಆಗದಿದ್ದರೆ 15 ಎಂದು ವೈದ್ಯಕೀಯ ಪುಸ್ತಕಗಳು ಬಹುಕಾಲದಿಂದ ಹೇಳುತ್ತಾ ಬಂದಿವೆ. 1995ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಕೆಲವು ಕುಟುಂಬಗಳಲ್ಲಿ ಇದರ ಕೊಂಡಿಯನ್ನು 13ನೇ ವರ್ಣತಂತುವಿನಲ್ಲಿ ಗುರುತಿಸಿದರು.

ಎರಡು ವರ್ಷದ ಹಿಂದೆ ಇದನ್ನು ಓದಿದಾಗ ಅಪ್ಪನ ಅಕ್ಕನಿಗೆ, ನಮ್ಮ ದೊಡ್ಡತ್ತೆಗೆ, ಫೋನ್ ಮಾಡಿದೆ. ಸುತ್ತಿ ಬಳಸಿ ಕೇಳಿದೆ. ದೊಡ್ಡತ್ತೆ ನಕ್ಕಳು. 'ಅಯ್ಯೋ, ನಿಮ್ಮಪ್ಪ ಹೈಸ್ಕೂಲಿಗೆ ಹೋಗಾವರ್ಗೂ ಹೊಯ್ಕೊಂತಿದ್ನಲ್ಲೇ. ನಮ್ಮವ್ವ ಬರೆ ಇಟ್ಟಿರಾದು ಈಗ್ಲೂ ಐತಲ್ಲ ಮೀನಖಂಡದಾಗೆ' ಎಂದಳು.

ಅಪ್ಪನ ಕಾಲಿನ ಆ ಕಲೆ ನಾನು ಚಿಕ್ಕಂದಿನಿಂದ ನೋಡಿದ್ದು. ಕೇಳಿದಾಗಲೆಲ್ಲ 'ಬೈಕ್ ಸೈಲೆನ್ಸರ್ ತಾಕಿದ್ದು' ಎನ್ನುತ್ತಿದ್ದ.

ಬಾಗಿಲಲ್ಲಿ ನಿಂತು 'ಇಟ್ಟೇ ಬಿಡು' ಎಂದವನು ಅದೇ ಸೌಟಿನ ಕಾವು ತಿಂದವನು. ತನ್ನಿಂದಲೇ ಬಂದದ್ದಕ್ಕೆ ಮಗಳನ್ನು ಹೆದರಿಸಿದ, ಅದು ತನ್ನಿಂದ ಬಂದದ್ದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನು ಒಂದೇ ಒಂದು ಸಲ 'ನಂಗೂ ಹಿಂಗೇ ಆಗ್ತಿತ್ತು ಮಗ, ಆಮೇಲೆ ನಿಂತೋಯ್ತು' ಎಂದಿದ್ದರೆ ನನ್ನ ಬಾಲ್ಯ ಬೇರೆಯದೇ ಆಗಿರುತ್ತಿತ್ತು. ಆ ಒಂದು ಮಾತನ್ನು ಅವನ ಬಾಯಿಂದ ಕಿತ್ತುಕೊಂಡದ್ದು ಯಾವುದು? ಬರೆಯಲ್ಲ. ಬರೆಯ ನೋವು ಎಂಟು ದಿನಕ್ಕೆ ಹೋಗುತ್ತದೆ. ಕಿತ್ತುಕೊಂಡದ್ದು ನಗು.

'ಹಳ್ಳಿಯ ಅಜ್ಜಿಗೇನು ಗೊತ್ತು' ಎಂದು ತಪ್ಪನ್ನೆಲ್ಲ ಅವಳ ಸೆರಗಿಗೆ ಕಟ್ಟುವವರಿಗೆ ಒಂದು ಮಾತು. ಓದಿದವರು ಮಾಡಿದ್ದೇನು ಕಡಿಮೆಯಲ್ಲ. ಫ್ರಾಯ್ಡ್ 1905ರಲ್ಲಿ ಪ್ರಕಟಿಸಿದ 'ಡೋರಾ' ಪ್ರಕರಣದಲ್ಲಿ ಆ ಹುಡುಗಿಯ ಬಾಲ್ಯದ ಹಾಸಿಗೆ ಒದ್ದೆಯನ್ನು ಹಸ್ತಮೈಥುನಕ್ಕೆ ತಳಕು ಹಾಕಿದ. ವಿಚಿತ್ರವೆಂದರೆ, ಅದಕ್ಕೂ ಮೊದಲಿನ ತನ್ನ ಕನಸುಗಳ ಪುಸ್ತಕದಲ್ಲಿ ಅವನೇ ಎರಡು ನೆನಪು ಬರೆದುಕೊಂಡಿದ್ದಾನೆ: ಎರಡು ವರ್ಷದವನಿದ್ದಾಗ ಹಾಸಿಗೆ ಒದ್ದೆ ಮಾಡಿ ಬೈಸಿಕೊಂಡು, ಹೊಸದೊಂದು ಕೆಂಪು ಮಂಚ ಕೊಡಿಸುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟದ್ದು, ಏಳೆಂಟರ ವಯಸ್ಸಿನಲ್ಲಿ ಅಪ್ಪ ಅಮ್ಮನ ಕೋಣೆಯಲ್ಲೇ ಮೂತ್ರ ಮಾಡಿದಾಗ ಅಪ್ಪ 'ಈ ಹುಡುಗ ಉದ್ಧಾರವಾಗುವುದಿಲ್ಲ' ಎಂಬರ್ಥದ ಮಾತಾಡಿದ್ದು. ಆ ಮಾತು ತನ್ನ ಕನಸುಗಳಲ್ಲಿ ಮತ್ತೆ ಮತ್ತೆ ಬರುತ್ತಿತ್ತು ಎಂದು ಒಪ್ಪಿಕೊಂಡವನೂ ಅವನೇ. ಗಾಯ ತನ್ನದಾದಾಗ ಅಪ್ಪನ ಮಾತು ಕಾರಣ, ಹುಡುಗಿಯದಾದಾಗ ಹುಡುಗಿಯ ಕೈ ಕಾರಣ.

1963ರಲ್ಲಿ ಮ್ಯಾಕ್‌ಡೊನಾಲ್ಡ್ ಎಂಬ ಮನೋವೈದ್ಯ ಹಾಸಿಗೆ ಒದ್ದೆ ಮಾಡುವುದು, ಬೆಂಕಿ ಹಚ್ಚುವುದು, ಪ್ರಾಣಿಗಳನ್ನು ಹಿಂಸಿಸುವುದು, ಈ ಮೂರನ್ನೂ ಮುಂದಿನ ಕ್ರೌರ್ಯದ ಮುನ್ಸೂಚನೆಯೆಂದು ಒಂದೇ ಹಗ್ಗದಲ್ಲಿ ಕಟ್ಟಿದ. ಆಮೇಲಿನ ಅಧ್ಯಯನಗಳಲ್ಲಿ ಆ ಕಟ್ಟು ನಿಲ್ಲಲಿಲ್ಲ. ಆದರೂ ಸರಣಿ ಕೊಲೆಗಾರರ ಸಿನಿಮಾ, ವೆಬ್ ಸರಣಿಗಳಲ್ಲಿ ಇವತ್ತಿಗೂ ಕೊಲೆಗಾರನ ಬಾಲ್ಯಕ್ಕೊಂದು ಒದ್ದೆ ಹಾಸಿಗೆ ಬೇಕು. ಹಾಸ್ಟೆಲ್ಲಿನ ಮೂಲೆಯಲ್ಲಿ ಮೊಬೈಲಿನಲ್ಲಿ ಅದನ್ನು ನೋಡುವ ಹದಿಮೂರರ ಹುಡುಗ ತನ್ನ ಬಗ್ಗೆ ಏನೆಂದುಕೊಳ್ಳುತ್ತಾನೆ?

ಒಬ್ಬ ಲೇಖಕ ಮಾತ್ರ ಇದನ್ನು ನಗೆಗೆ ಬಿಡದೆ ಬರೆದ. ಜಾರ್ಜ್ ಆರ್ವೆಲ್ ಎಂಟು ವರ್ಷದವನಿದ್ದಾಗ ವಸತಿಶಾಲೆಗೆ ಸೇರಿದ ಕೆಲದಿನಗಳಲ್ಲೇ ಹಾಸಿಗೆ ಒದ್ದೆ ಮಾಡತೊಡಗಿ, ಅದಕ್ಕಾಗಿ ಏಟು ತಿಂದ. ಆ ಬಗ್ಗೆ ಬರೆದ ದೀರ್ಘ ಪ್ರಬಂಧ ಅವನು ಸತ್ತ ಮೇಲೆ, 1952ರಲ್ಲಿ ಬೆಳಕು ಕಂಡಿತು. ಮಗು ಅಲ್ಲಿ ಕಲಿಯುವ ಪಾಠ ಭಯಂಕರವಾದದ್ದು: ಪಾಪ ಎಂದರೆ ನಾವು ಮಾಡುವುದೇ ಆಗಬೇಕಿಲ್ಲ, ಅದು ನಮಗೆ ಒದಗಿಬರುವುದೂ ಆಗಿರಬಹುದು.

ಇಲ್ಲಿ ನಮ್ಮ ನುಡಿಯ ಬಗ್ಗೆ ಒಂದು ಮಾತು ಹೇಳಬೇಕು. ಕನ್ನಡ ವಿಭಾಗದಲ್ಲಿ ಕೂತ ತಪ್ಪಿಗೆ ಇದಾದರೂ ಗಮನಕ್ಕೆ ಬಂತು. ಕನ್ನಡ ದೊಡ್ಡ ಮನಸ್ಸಿನ ಭಾಷೆ. 'ನನಗೆ ಜ್ವರ ಬಂತು' ಎನ್ನುತ್ತೇವೆ, 'ನಾನು ಜ್ವರ ಮಾಡಿದೆ' ಎನ್ನುವುದಿಲ್ಲ. ಸೀನು ಬರುತ್ತದೆ, ಬಿಕ್ಕಳಿಕೆ ಬರುತ್ತದೆ, ನಿದ್ದೆ ಬರುತ್ತದೆ, ಕೋಪವೂ ಬರುತ್ತದೆ. ಮೈಯಲ್ಲಿ ಆಗುವುದಕ್ಕೆ ನಾವು ಕರ್ತೃಗಳಲ್ಲ, ಅದು ನಮಗೆ ಬಂದ ಅತಿಥಿ. ಎಚ್ಚರವಿರುವ ಮಗು 'ಅಮ್ಮಾ, ಉಚ್ಚೆ ಬಂತು' ಎನ್ನುತ್ತದೆ. ಅದೇ ಮಗು ನಿದ್ದೆ ಹೋದ ಮೇಲೆ? 'ಹೊಯ್ಕೊಂಡ', 'ಒದ್ದೆ ಮಾಡ್ಕೊಂಡ'. ಎಚ್ಚರದಲ್ಲಿ ತಾನಾಗಿ ಬಂದದ್ದು ನಿದ್ದೆಯಲ್ಲಿ ಅವನು ಮಾಡಿಕೊಂಡದ್ದಾಯಿತು! ತಲೆ ಬಾಚಿಕೊಂಡ, ಅಂಗಿ ಹಾಕಿಕೊಂಡ ಎನ್ನುವಾಗಿನ ಅದೇ 'ಕೊಳ್ಳು' ಇದಕ್ಕೂ ಅಂಟಿತು. ನಾನೂ ಮೇಲೆ ಹಾಗೆಯೇ ಬರೆದಿದ್ದೇನೆ, ನೋಡಿ. ನನ್ನ ಬಗ್ಗೆ ಹೇಳಲೂ ನನ್ನ ಬಾಯಿಗೆ ಬಂದದ್ದು ಅವರದೇ ವಾಕ್ಯ.

ಎದುರುವಾದಗಳಿವೆ. ಗೆಳೆಯನೇ ಹೇಳಿದ: 'ನಗು ಅಂದ್ರೆ ಅವಮಾನ ಅಲ್ಲ ಕಣೇ, ಅದು ಪ್ರೀತಿ. ಆ ಹುಡುಗ ಈಗ ದೊಡ್ಡ ಇಂಜಿನಿಯರ್, ಅವನೂ ನಗ್ತಾನೆ.' ಇರಬಹುದು. ನಾನೂ ಆ ಸಂಜೆ ನಕ್ಕೆನಲ್ಲ. ನಗದೆ ಇದ್ದರೆ ಗೊತ್ತಾಗಿಬಿಡುತ್ತದೆಂದು ನಕ್ಕೆ. ಗೇಲಿಗೆ ಒಳಗಾದವನು ನಗುತ್ತಾನೆ ಎನ್ನುವುದು ಗೇಲಿ ತಪ್ಪಲ್ಲ ಎನ್ನುವುದಕ್ಕೆ ಸಾಕ್ಷಿಯಲ್ಲ. ನನಗೆ ಹಾಸ್ಯ ಬೇಡವೆಂದಲ್ಲ. ತನ್ನ ಹಾಸಿಗೆಯ ಬಗ್ಗೆ ತಾನೇ ನಗುವವರು ಬರೆಯಲಿ, ಮೊದಲ ಸಾಲಿನಲ್ಲಿ ಕೂತು ನಗುತ್ತೇನೆ. ನಮ್ಮ ಬಾಲ್ಯದ ಪ್ರಬಂಧಗಳಲ್ಲಿ ಒದ್ದೆ ಮಾಡಿದವನು ಯಾವಾಗಲೂ ಪಕ್ಕದ ಚಾಪೆಯವನು. ಬರೆಯುವ 'ನಾನು' ಎಂದೂ ಒಣಗಿಯೇ ಏಳುತ್ತಾನೆ. ಅಷ್ಟು ಒಣಗಿದ ಹಾಸಿಗೆಗಳು ಒಂದು ಸಾಹಿತ್ಯದಲ್ಲಿರುವುದು ಅಂಕಿ-ಅಂಶಕ್ಕೆ ಹೊಂದುವುದಿಲ್ಲ.

ಎರಡನೆಯ ವಾದ ಹಿರಿಯರದು: 'ನಮ್ಮ ಕಾಲದಲ್ಲಿ ಒಂದು ಬರೆ, ಒಂದು ಹರಕೆ, ಸರಿಹೋಗ್ತಿತ್ತು.' ಸರಿಹೋಗುತ್ತಿತ್ತು, ನಿಜ. ಏನೂ ಮಾಡದಿದ್ದರೂ ಈ ತೊಂದರೆಯಿರುವ ನೂರು ಮಕ್ಕಳಲ್ಲಿ ಸುಮಾರು 15 ಮಂದಿ ಪ್ರತಿವರ್ಷ ತಾವಾಗಿಯೇ ಹೊರಬರುತ್ತಾರೆ. ಅದೇ ಎಡವಟ್ಟು. ತಾನಾಗಿ ನಿಲ್ಲುವ ತೊಂದರೆಗೆ ಏನು ಮಾಡಿದರೂ ಫಲ ಕೊಟ್ಟಂತೆ ಕಾಣುತ್ತದೆ. ಕೋಳಿ ಕೂಗಿದ್ದಕ್ಕೇ ಬೆಳಗಾಯಿತೆಂದು ಮುದುಕಿ ನಂಬಿದ ಹಾಗೆ, ಬರೆಗೆ ಕೀರ್ತಿ ಬಂತು. ಇನ್ನೊಂದು ಕಡೆ, ದೊಡ್ಡವರಾದ ಮೇಲೂ ನೂರಕ್ಕೆ ಅರ್ಧದಿಂದ ಒಬ್ಬರಲ್ಲಿ ಇದು ಉಳಿಯುತ್ತದೆ. ಅವರ ಮುಂದೆ ಯಾವ ಬರೆಯೂ ಲೆಕ್ಕಕ್ಕೆ ಬರಲಿಲ್ಲ.

ಮೂರನೆಯದು: 'ಸಾಹಿತ್ಯಕ್ಕೆ ಇದಕ್ಕಿಂತ ದೊಡ್ಡ ವಿಷಯಗಳಿಲ್ಲವೇ?' ಇವೆ. ಆದರೆ ಅವಮಾನದ ಬಗ್ಗೆ ವಿಚಾರ ಸಂಕಿರಣ ನಡೆಸುವ ನಾವು ಅದು ಮನುಷ್ಯನಿಗೆ ಮೊದಲು ಎಲ್ಲಿ ಪರಿಚಯವಾಗುತ್ತದೆ ಎಂದು ನೋಡಬೇಡವೇ? ಹಲವರಿಗೆ ಅದು ಬೆಳಗಿನ ಐದು ಗಂಟೆಗೆ, ಒದ್ದೆ ಚಾಪೆಯ ಮೇಲೆ ಪರಿಚಯವಾಗುತ್ತದೆ.

ಇಷ್ಟೆಲ್ಲ ಬರೆಯಲು ಇನ್ನೊಂದು ಕಾರಣವಿದೆ. ನನ್ನ ಅಣ್ಣನ ಮಗಳಿಗೆ ಈಗ ಏಳು. ಮೂರು ವಾರದ ಹಿಂದೆ ಅತ್ತಿಗೆ ರಾತ್ರಿ ಫೋನ್ ಮಾಡಿ ದನಿ ತಗ್ಗಿಸಿ ಕೇಳಿದಳು: 'ನೀನು ಓದಿದೋಳು, ಏನ್ ಮಾಡ್ಲಿ ಹೇಳು. ದಿನಾ ಹಾಸಿಗೆ ಒದ್ದೆ. ಮಾವ ಬೈತಾರೆ. ನಿಮ್ಮಣ್ಣ ನಿನ್ನೆ ಹೊಡೆದ್ರು.' ಮಾವ ಎಂದರೆ ಮೀನಖಂಡದಲ್ಲಿ ಕಲೆಯಿರುವ ನನ್ನ ಅಪ್ಪ.

ಅತ್ತಿಗೆಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಹೊಡೆಯುವುದು, ಬೈಯುವುದು, ಬೇರೆಯವರ ಮುಂದೆ ಹೇಳುವುದು ಇವತ್ತಿನಿಂದಲೇ ನಿಲ್ಲಲಿ. ಹಗಲು ಚೆನ್ನಾಗಿ ನೀರು ಕುಡಿಯಲಿ, ಬಾಯಾರಿಸಿ ಶಿಕ್ಷಿಸಬೇಡಿ. ಸಂಜೆಯ ಮೇಲೆ ಕಡಿಮೆಯಿರಲಿ, ಟೀ-ಕಾಫಿ-ಕೋಲಾ ಬೇಡ. ಮಲಗುವ ಮುನ್ನ ಒಮ್ಮೆ ಬಚ್ಚಲಿಗೆ ಹೋಗಿ ಬರಲಿ. ದಾರಿಯಲ್ಲಿ ಸಣ್ಣ ದೀಪವಿರಲಿ. ಹಾಸಿಗೆಗೆ ರಬ್ಬರ್ ಶೀಟ್ ಹಾಕಿ. ಮಲಬದ್ಧತೆ ಇದೆಯೇ ನೋಡಿ. ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸಿ. ಹಗಲೂ ಒದ್ದೆಯಾಗುತ್ತಿದ್ದರೆ, ಉರಿಯಿದ್ದರೆ, ಬಾಯಾರಿಕೆ ಹೆಚ್ಚಿ ಮಗು ಸೊರಗುತ್ತಿದ್ದರೆ, ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ ತಡಮಾಡಬೇಡಿ. ಆರು ತಿಂಗಳಿಗೂ ಹೆಚ್ಚು ಕಾಲ ನಿಂತಿದ್ದು ಮತ್ತೆ ಶುರುವಾದರೆ, ಮೈಯ ಜೊತೆಗೆ ಮಗುವಿನ ಬದುಕಿನಲ್ಲಿ ಏನಾಗಿದೆ ಎಂದೂ ಕೇಳಿ. ಮನೆಯಲ್ಲಿ ಜಗಳವೋ, ಶಾಲೆಯಲ್ಲಿ ಯಾರಾದರೂ ಹೆದರಿಸಿದರೋ, ಮುಟ್ಟಬಾರದ ಕಡೆ ಮುಟ್ಟಿದರೋ.

ಚಿಕಿತ್ಸೆಯೂ ಇದೆ. 1904ರಲ್ಲಿ ಫೌಂಡ್ಲರ್ ಎಂಬ ಆಸ್ಟ್ರಿಯಾದ ಮಕ್ಕಳ ವೈದ್ಯ, ಆಸ್ಪತ್ರೆಯಲ್ಲಿ ಮಗುವಿನ ಬಟ್ಟೆ ಒದ್ದೆಯಾದರೆ ದಾದಿಗೆ ತಿಳಿಯಲೆಂದು ಒಂದು ಗಂಟೆ ಕಟ್ಟಿದ. ಗಂಟೆ ಬಾರಿಸುತ್ತಾ ಹೋದ ಹಾಗೆ ಮಕ್ಕಳು ಒದ್ದೆ ಮಾಡುವುದೇ ಕಡಿಮೆಯಾಯಿತು! 1938ರಲ್ಲಿ ಅಮೆರಿಕದ ಮೌರರ್ ದಂಪತಿ ಅದನ್ನೇ ಒಂದು ಚಿಕಿತ್ಸೆಯಾಗಿ ಬೆಳೆಸಿದರು. ಮೊದಲ ಹನಿಗೇ ಸದ್ದು ಮಾಡುವ ಆ ಅಲಾರಂ ಇಂದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಎರಡು-ಮೂರು ತಿಂಗಳು ಬಿಡದೆ ಬಳಸಿದರೆ ಮೂವರಲ್ಲಿ ಇಬ್ಬರಿಗೆ ಗುಣ ಕಾಣುತ್ತದೆ. ಆ ಹಾರ್ಮೋನಿನ ಕೆಲಸ ಮಾಡುವ ಮಾತ್ರೆಯನ್ನೂ ವೈದ್ಯರು ಬೇಕಾದಾಗ ಕೊಡುತ್ತಾರೆ. ಆ ಯಂತ್ರದ ದೊಡ್ಡ ಗುಣ ನನಗೆ ಕಂಡದ್ದು ಇದು: ಅದು ಎಬ್ಬಿಸುತ್ತದೆ, ನಗುವುದಿಲ್ಲ.

ಹಾಸ್ಟೆಲ್ ನಡೆಸುವವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮಿಂದ ಬೇಕಾದದ್ದು ಯಂತ್ರವೂ ಅಲ್ಲ. ಕಾರಿಡಾರಿಗೆ ಒಂದು ಬಲ್ಬು. ಕೇಳದೆಯೇ ಸಿಗುವ ಎರಡು ಬಿಡಿ ಹೊದಿಕೆ. ಹಾಸಿಗೆ ಒಣಗಿಸಲು ಕಟ್ಟಡದ ಹಿಂದೆ, ಯಾರ ಕಣ್ಣಿಗೂ ಬೀಳದ ಬಿಸಿಲು. ಇಷ್ಟಕ್ಕೆ ಬಜೆಟ್ಟಿನಲ್ಲಿ ಕಾಲಂ ಬೇಕಿಲ್ಲ.

ಹೋದ ಭಾನುವಾರ ಊರಿಗೆ ಹೋಗಿದ್ದೆ. ಮಗು ನನ್ನ ಪಕ್ಕದಲ್ಲೇ ಮಲಗಿತು. ರಾತ್ರಿ ನಾನು ಅಪ್ಪನ ಹತ್ತಿರ ಕೂತು 'ದೊಡ್ಡತ್ತೆ ಎಲ್ಲಾ ಹೇಳಿದ್ಲು' ಎಂದೆ. ಅಪ್ಪ ಟಿ.ವಿ. ನೋಡುತ್ತಲೇ ಇದ್ದ. ಬಹಳ ಹೊತ್ತಿನ ಮೇಲೆ ಪಂಚೆ ಸರಿಮಾಡಿಕೊಂಡು ಕಾಲು ಮುಚ್ಚಿಕೊಂಡ. ಏನೂ ಹೇಳಲಿಲ್ಲ. ಈ ಬರಹದಿಂದ ಅವನಿಗೆ ನೋವಾಗಬಹುದು. ಆಗಲಿ ಎಂದಲ್ಲ, ಆದರೂ ಬರೆಯದೆ ಇರಲಾಗಲಿಲ್ಲ.

ಬೆಳಗಿನ ಜಾವ ಮಗು ನನ್ನ ಭುಜ ಅಲುಗಿಸಿ 'ಅತ್ತೆ, ನಾನು ಮಾಡ್ಕೊಂಡ್‌ಬಿಟ್ಟೆ' ಎಂದಿತು. 'ನೀನು ಮಾಡಿಲ್ಲ, ಒದ್ದೆಯಾಯ್ತು ಅಷ್ಟೆ. ನಂಗೂ ಆಗ್ತಿತ್ತು' ಎಂದೆ. ಕತ್ತಲಲ್ಲಿ ಅದರ ಮುಖ ಕಾಣಲಿಲ್ಲ. 'ನಿಂಗೂನಾ?' ಎಂದಿತು. 'ಹೂಂ, ನಂಗೂ.' ಇಬ್ಬರೂ ಎದ್ದು ಹಾಸಿಗೆ ಬದಲಿಸಿದೆವು. ಅಡುಗೆಮನೆಯ ಹತ್ತಿರದ ಕೋಣೆಯಲ್ಲಿ ಅಪ್ಪ ಕೆಮ್ಮಿದ್ದು ಕೇಳಿಸಿತು. ಎಚ್ಚರವಾಗಿದ್ದನೆಂದು ಕಾಣುತ್ತದೆ.